ಬಿಟ್ಟ ಮೀನು

ಶಿಷ್ಯನಿಗೆ ಕಾವಿ ಬೇಕಾಗಿತ್ತು. ಗುರುವಿಗೆ ಅವನು ಮೀನು ಹಿಡಿಯುವುದನ್ನು ನೋಡಬೇಕಾಗಿತ್ತು. ಇಬ್ಬರ ಆಸೆಯಲ್ಲಿ ಗುರುವಿನ ಆಸೆ ಮೊದಲು ನಡೆಯಿತು.

ಹಿಮಾಲಯದ ಒಂದು ಕಣಿವೆ. ನದಿಯ ದಂಡೆಯ ಮೇಲೆ ಒಂದು ಪುಟ್ಟ ಆಶ್ರಮ. ಅಲ್ಲಿಯ ಗುರುಗಳು ಗದಗದ ಕಡೆಯವರು. ಆ ಸೀಮೆಯಲ್ಲಿ ಮಠದ ಹಿರಿಯರನ್ನು ಕರೆಯುವಂತೆ ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಹಿಂದಿ ಮಾತಾಡುವ ಊರಿನವರೂ ಹಾಗೆಯೇ ಕರೆಯುತ್ತಿದ್ದರು, ಅದೇ ಅವರ ಹೆಸರೆಂದು ತಿಳಿದು.

ಶಿಷ್ಯ ಉತ್ತಯ್ಯ ಕೊಡಗಿನವನು. ಸೈನ್ಯದಲ್ಲಿ ಮೇಜರ್ ಆಗಿ ನಿವೃತ್ತನಾಗಿ, ಮನೆಯಲ್ಲಿ ಒಂದು ವರ್ಷವೂ ನಿಲ್ಲದೆ ಇಲ್ಲಿಗೆ ಬಂದವನು. ಬಂದು ನಾಲ್ಕು ವರ್ಷವಾಗಿತ್ತು.

ಆ ನಾಲ್ಕು ವರ್ಷವೂ ಅವನು ಸೌದೆ ಒಡೆದ, ತರಕಾರಿ ಬೆಳೆದ, ಉಪನಿಷತ್ತು ಓದಿದ. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುತ್ತಿದ್ದ. ಹೇಳದ ಕೆಲಸವನ್ನೂ ಮಾಡಿಟ್ಟು ಉಳಿದವರಿಗೆ ಮುಜುಗರ ತರುತ್ತಿದ್ದ.

ಚೈತ್ರ ಬಂತು. ಉತ್ತಯ್ಯ ಅಜ್ಜಾರ ಮುಂದೆ ಕೈಮುಗಿದು ನಿಂತು, ಬರುವ ಹುಣ್ಣಿಮೆಗೆ ತನಗೆ ಸನ್ಯಾಸ ಕೊಡಬೇಕೆಂದು ಬೇಡಿಕೊಂಡ.

ಕಾವಿ ಕೇಳಿ ಬಂದವರನ್ನು ಅಜ್ಜಾರು ಎರಡೇ ಪ್ರಶ್ನೆ ಕೇಳುವುದು ರೂಢಿ. ಮನೆಯವರು ಒಪ್ಪಿದ್ದಾರೋ ಎಂಬುದು ಮೊದಲನೆಯದು.

ಒಪ್ಪಿದ್ದಾಳೆ ಎಂದ ಉತ್ತಯ್ಯ. ಅವನಿಗೆ ಮಕ್ಕಳಿರಲಿಲ್ಲ. ಊರಿನಲ್ಲಿದ್ದವಳು ಹೆಂಡತಿ ದೇಚಮ್ಮ ಒಬ್ಬಳೇ.

ಎರಡನೆಯ ಪ್ರಶ್ನೆ, ಬಿಟ್ಟು ಬಂದದ್ದರಲ್ಲಿ ಯಾವುದರ ನೆನಪು ಇನ್ನೂ ಬರುತ್ತದೆ ಎಂದು.

ಈ ಪ್ರಶ್ನೆಗೆ ಎಲ್ಲರೂ ಸುಳ್ಳು ಹೇಳುತ್ತಾರೆ. ಏನೂ ಇಲ್ಲ ಅಜ್ಜಾರೇ, ಎಲ್ಲಾ ಮರೆತೆ ಎನ್ನುತ್ತಾರೆ. ಉತ್ತಯ್ಯ ಸಿಪಾಯಿ ಮನುಷ್ಯ, ಸುಳ್ಳು ಹೇಳಲಿಲ್ಲ.

“ಟ್ರೌಟ್ ಮೀನು” ಎಂದ.

ಅಜ್ಜಾರು ಕಣ್ಣು ಕಿರಿದು ಮಾಡಿದರು. “ತಿನ್ನೂದೇನು?”

ತಿನ್ನುವುದಲ್ಲ, ಹಿಡಿಯುವುದು ಎಂದು ಉತ್ತಯ್ಯ ವಿವರಿಸಿದ. ಇಂಥ ಬೆಟ್ಟದ ಸೀಮೆಯಲ್ಲೇ ಅವನು ಬಹಳ ವರ್ಷ ಕೆಲಸ ಮಾಡಿದ್ದ. ಹಿಮ ಕರಗುವ ದಿನಗಳಲ್ಲಿ ರಜೆ ಸಿಕ್ಕರೆ ಸಾಕು, ಡೇರೆ ಹೊತ್ತುಕೊಂಡು ಯಾವುದಾದರೂ ಹೊಳೆಯ ದಂಡೆಗೆ ಹೋಗಿ ಗಾಳ ಹಾಕುತ್ತಿದ್ದ. ಹಿಡಿದ ಮೀನನ್ನು ಅಲ್ಲೇ ನೀರಿಗೆ ಬಿಡುತ್ತಿದ್ದ. ಜೀವಮಾನದಲ್ಲಿ ಒಂದನ್ನೂ ಕೊಂದವನಲ್ಲ. ಈಗಲೂ ಚೈತ್ರ ಬಂತೆಂದರೆ ಧ್ಯಾನಕ್ಕೆ ಕೂತಾಗ ಕಣ್ಣೊಳಗೆ ನೀರು ಹರಿಯುತ್ತದೆ, ಅದರೊಳಗೆ ಮೀನು ಎದ್ದು ಮುಳುಗುತ್ತದೆ.

“ಗಾಳದ ಕೋಲು ಅದ ಏನು ಇನ್ನೂ?”

ಉತ್ತಯ್ಯ ತಲೆ ತಗ್ಗಿಸಿದ. ಟ್ರಂಕಿನ ತಳದಲ್ಲಿತ್ತು. ಅದನ್ನು ಅವನು ಇಟ್ಟುಕೊಂಡು ಬಂದದ್ದಲ್ಲ. ಹೊರಡುವಾಗ ಟ್ರಂಕು ತುಂಬಿದವಳು ದೇಚಮ್ಮ. ಇಲ್ಲಿಗೆ ಬಂದು ಮುಚ್ಚಳ ತೆರೆದಾಗ, ಉಣ್ಣೆ ಬಟ್ಟೆಗಳ ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೋಲು ಇತ್ತು. ಎಸೆಯಲು ಮನಸ್ಸಾಗಿರಲಿಲ್ಲ.

“ಎಲ್ಲಾ ಬಿಟ್ಟು ಬಂದೀನಿ ಅಂದಿದ್ಯಲ್ಲೋ” ಎಂದು ಅಜ್ಜಾರು ನಕ್ಕರು. ಆಮೇಲೆ, ನಾಡಿದ್ದು ಬೆಳಿಗ್ಗೆ ಹೊರಡೋಣ, ಕೋಲು ತಗೊ, ನಿನ್ನ ಮೀನು ಹಿಡಿಯುವ ವಿದ್ಯೆಯನ್ನು ನಾನೂ ನೋಡುತ್ತೇನೆ ಎಂದರು.

ಉತ್ತಯ್ಯನಿಗೆ ಗಾಬರಿಯಾಯಿತು. ಇದು ಪರೀಕ್ಷೆ ಎಂದು ಅವನಿಗೆ ಗೊತ್ತಾಯಿತು. ಏನು ಮಾಡಿದರೆ ತೇರ್ಗಡೆ ಎಂದು ಗೊತ್ತಾಗಲಿಲ್ಲ. ಆದರೂ, ನಿಜ ಹೇಳಬೇಕೆಂದರೆ, ಆ ರಾತ್ರಿ ಅವನಿಗೆ ಸಂತೋಷದಿಂದ ನಿದ್ದೆ ಬರಲಿಲ್ಲ.

ಹೊರಡುವ ಮೊದಲು ಅವನು ಪೇಟೆಗೆ ಹೋಗಿ ಮೀನು ಹಿಡಿಯಲು ಪರವಾನಗಿ ಚೀಟಿ ಮಾಡಿಸಿಕೊಂಡು ಬಂದ. ಅಜ್ಜಾರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೋಕ್ಷಕ್ಕೂ ಹೀಗೊಂದು ಚೀಟಿ ಸಿಗುವ ಹಾಗಿದ್ದರೆ ಮೇಜರ್ ಸಾಹೇಬರು ಮೊದಲನೆಯ ದಿನವೇ ಮಾಡಿಸಿಬಿಡುತ್ತಿದ್ದರು ಎಂದರು.

ಆಶ್ರಮದ ಬಳಿ ನದಿ ಕರಗಿದ ಹಿಮದಿಂದ ಕದಡಿತ್ತು. ಆದ್ದರಿಂದ ಇಬ್ಬರೂ ಮೇಲಿನ ಉಪನದಿಯ ಜಾಡು ಹಿಡಿದು ಹತ್ತಿದರು. ಗುಡ್ಡದ ತುಂಬ ಬುರಾಂಶ್ ಮರಗಳು ಕೆಂಪಗೆ ಹೂ ಬಿಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ದೇವದಾರು ಮರಗಳ ನಡುವೆ ಒಂದು ಮಡು ಸಿಕ್ಕಿತು. ತಿಳಿಯಾದ ಹಸಿರು ನೀರು.

ಪೇಟೆಯಿಂದ ಬಾಡಿಗೆಗೆ ತಂದಿದ್ದ ಡೇರೆಯನ್ನು ಉತ್ತಯ್ಯ ಹಾಕಿದ. ನಾಲ್ಕು ವರ್ಷದಿಂದ ಆಶ್ರಮದಲ್ಲಿ ಬೆನ್ನು ಬಗ್ಗಿಸಿ ಓಡಾಡುತ್ತಿದ್ದವನು ಇವನೇನಾ ಅನ್ನಿಸುವಂತೆ ನೆಟ್ಟಗಾದ. ಡೇರೆಯ ಸುತ್ತ ಮಳೆನೀರಿಗೆ ಕಾಲುವೆ ತೋಡಿದ, ಒಲೆಗೆ ಕಲ್ಲು ಹೂಡಿದ, ಒಣ ಪುರಳೆ ಆರಿಸಿ ತಂದ, ಚಹಾ ಮಾಡಿದ. ಅಷ್ಟು ಒಳ್ಳೆಯ ಚಹಾ ಅಜ್ಜಾರಿಗೆ ಆಶ್ರಮದಲ್ಲಿ ಎಂದೂ ಸಿಕ್ಕಿರಲಿಲ್ಲ. ಅದನ್ನು ಅವರು ಹೇಳಿಯೂ ಹೇಳಿದರು, ಸ್ವಲ್ಪ ಬೇಸರದಿಂದ.

ಆಮೇಲೆ ಅವನು ಗಾಳ ಸಿದ್ಧ ಮಾಡಿದ.

ಗಾಳದ ತುದಿಗೆ ಹಕ್ಕಿಯ ಗರಿ ಕಟ್ಟಿತ್ತು, ನೀರಿನ ಮೇಲೆ ಕೂತರೆ ನೊಣದಂತೆ ಕಾಣಲು. ಕೊಕ್ಕೆಯ ಹಿಂಮುಳ್ಳನ್ನು ಅವನು ಅರದಿಂದ ತೇಯ್ದು ಹಾಕಿದ್ದ. ಹಿಂಮುಳ್ಳಿದ್ದರೆ ಬಿಡಿಸುವಾಗ ಮೀನಿನ ಬಾಯಿ ಹರಿಯುತ್ತದೆ ಎಂದು ಅಜ್ಜಾರಿಗೆ ತೋರಿಸಿದ. ತೋರಿಸುವಾಗ ದನಿಯಲ್ಲಿ ಹೆಮ್ಮೆ ಇತ್ತು. ಅದು ಅವನಿಗೇ ಕೇಳಿಸಿತು, ಆದರೆ ತಡೆಯಲಾಗಲಿಲ್ಲ.

ಅಜ್ಜಾರು ಬಂಡೆಯೊಂದರ ಮೇಲೆ ಕಂಬಳಿ ಹೊದ್ದು ಕೂತರು.

ದಾರ ಗಾಳಿಯಲ್ಲಿ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮಡುವಿನ ತಲೆಯಲ್ಲಿ, ನೀರು ಒಳಬರುವ ಕಡೆ, ಸದ್ದಿಲ್ಲದೆ ಇಳಿಯಿತು. ಎರಡನೆಯ ಸಲಕ್ಕೇ ಮೀನು ಕಚ್ಚಿತು.

ಉತ್ತಯ್ಯ ಅದನ್ನು ಅವಸರವಿಲ್ಲದೆ ದಂಡೆಗೆ ಎಳೆದುಕೊಂಡ. ಹೆಗಲ ಮೇಲಿನ ಟವೆಲಿನಲ್ಲಿ ಎರಡೂ ಕೈ ಚೆನ್ನಾಗಿ ಒರೆಸಿಕೊಂಡ. ಆಮೇಲೆ ಮೀನನ್ನು ನಡುವಿಗೆ ಗಟ್ಟಿಯಾಗಿ ಹಿಡಿದೆತ್ತಿ, ಕ್ಷಣದಲ್ಲಿ ಕೊಕ್ಕೆ ಬಿಡಿಸಿದ. ಕಂದು ಮೈಯ ಮೇಲೆ ಕುಂಕುಮದ ಬೊಟ್ಟಿಟ್ಟಂತೆ ಕೆಂಪು ಚುಕ್ಕೆಗಳು. ಅದನ್ನು ಅಜ್ಜಾರ ಕಡೆ ಒಮ್ಮೆ ಎತ್ತಿ ತೋರಿಸಿ, ಬಾಗಿ, ನೀರಿಗೆ ಬಿಟ್ಟ. ಮೀನು ಬಾಣದಂತೆ ಹೋಯಿತು.

“ಚಂದ ಅದ” ಎಂದರು ಅಜ್ಜಾರು. “ಕೈ ಯಾಕ ಒರಸಿಕೊಂಡಿ?”

ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಜೊತೆಗಿದ್ದ ಒಬ್ಬ ಕ್ಯಾಪ್ಟನ್ ಒದ್ದೆ ಕೈಯಲ್ಲಿ ಹಿಡಿದ ಮೀನು ಜಾರಿ, ಕಲ್ಲಿಗೆ ಬಿದ್ದು ಸತ್ತಿತ್ತು. ಅಂದಿನಿಂದ ಉತ್ತಯ್ಯ ಕೈ ಒಣಗಿಸಿಕೊಳ್ಳದೆ ಮೀನು ಮುಟ್ಟಿದವನಲ್ಲ. ಒಣಗಿದ ಕೈ ಜಾರುವುದಿಲ್ಲ. ತನ್ನ ಕೈಯಿಂದ ಒಂದು ಮೀನೂ ಬಿದ್ದಿಲ್ಲ ಎಂದ.

ಅಜ್ಜಾರು ತಲೆದೂಗಿದರು. ಉತ್ತಯ್ಯ ಆಗಲೇ ದಾರ ಸುತ್ತಿ ಮುಂದಿನ ಎಸೆತಕ್ಕೆ ತಯಾರಾಗಿದ್ದ.

ಆ ದಿನ ಸಂಜೆಯವರೆಗೂ, ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೂ ಅವನು ಹಿಡಿದ, ಬಿಟ್ಟ. ಹಿಡಿದ, ಬಿಟ್ಟ. ಮಧ್ಯೆ ಒಮ್ಮೆ ಹಾಡು ಗುನುಗಿದ. ಎಷ್ಟೋ ವರ್ಷದ ಮೇಲೆ ತಾನು ಇಷ್ಟು ಸುಖವಾಗಿದ್ದೇನೆ ಎಂದು ಅವನಿಗೆ ಅನ್ನಿಸಿತು. ಸನ್ಯಾಸ ಬೇಡಿ ಬಂದವನಿಗೆ ಹಾಗೆ ಅನ್ನಿಸಬಾರದಲ್ಲ ಎಂದೂ ಅನ್ನಿಸಿತು.

ಅವನು ಅದನ್ನೇ ಮಾತಿಗೆ ತಂದ. ಇದು ನನಗೆ ಬಂಧನ ಎನ್ನಿಸುವುದಿಲ್ಲ ಅಜ್ಜಾರೇ ಎಂದ. ಹಿಡಿದದ್ದನ್ನು ಇಟ್ಟುಕೊಳ್ಳುವವನಿಗೆ ಬಂಧನ. ನಾನು ಯಾವುದನ್ನೂ ಇಟ್ಟುಕೊಂಡವನಲ್ಲ, ಬಿಡುವುದರಲ್ಲೇ ನನಗೆ ಸಂತೋಷ. ನಾನು ಸನ್ಯಾಸದ ಹಾದಿಗೆ ಬಂದದ್ದು ಈ ಹೊಳೆಗಳ ದಂಡೆಯಿಂದಲೇ ಇರಬೇಕು.

ಮಾತು ಚೆನ್ನಾಗಿತ್ತು. ಪುಸ್ತಕದಲ್ಲಿ ಅಚ್ಚು ಹಾಕಿಸುವಂತಿತ್ತು.

“ಬಿಟ್ಟ ಮ್ಯಾಲೆ ಮೀನಾ ಎಲ್ಲಿ ಹೋಗತಾವ?” ಎಂದು ಕೇಳಿದರು ಅಜ್ಜಾರು.

“ಆಳಕ್ಕೆ.”

“ಆಮ್ಯಾಲೆ?”

“ಆಮೇಲೆ ಅವುಗಳ ಪಾಡಿಗೆ ಅವು ಇರುತ್ತವೆ.”

“ನೋಡೀಯೇನು?”

ಉತ್ತಯ್ಯನಿಗೆ ನಗು ಬಂತು. ನೀರಿನ ಆಳದಲ್ಲಿ ಹೋಗಿ ನೋಡುವುದು ಹೇಗೆ? ಅಲ್ಲದೆ ಅವನೆಂದೂ ಒಂದು ಮಡುವಿನ ಬಳಿ ಎರಡು ದಿನಕ್ಕಿಂತ ಹೆಚ್ಚು ಇದ್ದವನಲ್ಲ. ರಜೆ ಅಷ್ಟೇ ಸಿಗುತ್ತಿತ್ತು. ಭಾನುವಾರ ಸಂಜೆ ಡೇರೆ ಕಿತ್ತರೆ ಮತ್ತೆ ಆ ಕಡೆ ಹೋಗುವುದು ಯಾವ ವರ್ಷವೋ.

“ಹಂಗಾದರ ಈ ಸಲ ಇರೂಣು” ಎಂದರು ಅಜ್ಜಾರು. “ಗಾಳ ಸುತ್ತಿಡು.”

ಇಬ್ಬರೂ ಅಲ್ಲೇ ಉಳಿದರು.

ಇರುವುದಕ್ಕೆ ಕಾರಣ ಉತ್ತಯ್ಯನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮಡುವಿನ ಬಾಲದಲ್ಲಿ, ನೀರು ತೆಳುವಾಗಿ ಕಲ್ಲುಗಳ ಮೇಲೆ ಹರಿಯುವ ಕಡೆ, ಹೋಗಿ ಕೂರಬೇಕು. ಅಜ್ಜಾರು ಅವನ ಪಕ್ಕ ಕೂರುವರು. ಏನು ನೋಡಬೇಕು ಎಂದು ಕೇಳಿದರೆ ನೀರು ನೋಡು ಎನ್ನುವರು.

ಅವನು ನೀರು ನೋಡಿದ. ಮೊದಲ ದಿನ ತಾಳ್ಮೆಯಿಂದ ನೋಡಿದ. ಎರಡನೆಯ ದಿನ ಹುಣ್ಣಿಮೆಯ ದೀಕ್ಷೆಗೆ ಆಗಬೇಕಾದ ಏರ್ಪಾಡುಗಳನ್ನು ನೆನೆಯುತ್ತ ನೋಡಿದ. ಆಮೇಲಿನ ದಿನಗಳಲ್ಲಿ ಬೇಳೆ ಮುಗಿಯುತ್ತ ಬಂತು, ಸಕ್ಕರೆ ಮುಗಿದೇ ಹೋಯಿತು. ಸಪ್ಪೆ ಚಹಾ ಕುಡಿದು ಅಜ್ಜಾರು ಮುಖ ಹುಳ್ಳಗೆ ಮಾಡಿದರು, ಆದರೆ ಹೊರಡುವ ಮಾತೆತ್ತಲಿಲ್ಲ.

ಒಂದು ಬೆಳಿಗ್ಗೆ ತೆಳುನೀರಿನಲ್ಲಿ ಏನೋ ಬೆಳ್ಳಗೆ ಕಂಡಿತು.

ಉತ್ತಯ್ಯ ಮೊದಲು ಯಾರೋ ಒಗೆಯುವಾಗ ಬಿಟ್ಟ ಬಟ್ಟೆಯ ಚೂರು ಅಂದುಕೊಂಡ. ಅದು ಸ್ವಲ್ಪ ಅಲುಗಿತು. ಎದ್ದು ಹತ್ತಿರ ಹೋದ.

ಮೀನು. ಎರಡು ಕಲ್ಲುಗಳ ನಡುವೆ, ಹರಿವಿಗೆ ಎದುರಾಗಿ ನಿಲ್ಲಲಾರದೆ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಅವನ ಕಾಲಿನ ನೆರಳು ಮೇಲೆ ಬಿದ್ದರೂ ಓಡಲಿಲ್ಲ.

ಅದರ ಮೈಯ ಮೇಲೆ ಬೂಷ್ಟು ಬಂದಿತ್ತು. ಹಳಸಿದ ರೊಟ್ಟಿಯ ಮೇಲೆ ಬರುವಂಥದ್ದೇ ಬಿಳಿ ಬೂಷ್ಟು. ಮೈಯೆಲ್ಲಾ ಅಲ್ಲ. ಒಂದು ಪಕ್ಕದಲ್ಲಿ ನಾಲ್ಕು ಪಟ್ಟೆ. ಉತ್ತಯ್ಯ ಬಾಗಿ ಅದನ್ನು ಮೆಲ್ಲಗೆ ಹೊರಳಿಸಿದ. ಇನ್ನೊಂದು ಪಕ್ಕದಲ್ಲಿ ಒಂದೇ ಪಟ್ಟೆ, ಸ್ವಲ್ಪ ಅಗಲವಾದದ್ದು.

ಅವನಿಗೆ ತಿಳಿಯಲಿಲ್ಲ. ಅಥವಾ ತಿಳಿದದ್ದನ್ನು ಮನಸ್ಸು ಒಳಗೆ ಬಿಟ್ಟುಕೊಳ್ಳಲಿಲ್ಲ.

ಅಜ್ಜಾರು ಧೋತರ ಎತ್ತಿ ಕಟ್ಟಿ ತಣ್ಣನೆಯ ನೀರಿಗೆ ಇಳಿದು ಬಂದರು. ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೀನಿನ ಬೆನ್ನಿನ ಮೇಲೆ ತಂದಿಟ್ಟರು.

ನಾಲ್ಕು ಬೆರಳು ನಾಲ್ಕು ಪಟ್ಟೆಗಳ ಮೇಲೆ ಕೂತವು. ಹೆಬ್ಬೆರಳು ಆ ಕಡೆಯದರ ಮೇಲೆ ಕೂತಿತು. ಎಲ್ಲೂ ಹೆಚ್ಚು ಕಡಿಮೆ ಇರಲಿಲ್ಲ.

ಉತ್ತಯ್ಯ ಕೈ ತೆಗೆಯಲಿಲ್ಲ. ಅವನ ಕೈಯ ಕೆಳಗೆ ಮೀನಿನ ಕಿವಿರು ಒಮ್ಮೆ ತೆರೆಯಿತು, ಇನ್ನೊಮ್ಮೆ ತೆರೆಯಿತು. ಮತ್ತೆ ತೆರೆಯಲಿಲ್ಲ.

ಅಜ್ಜಾರು ಆಗ ಹೇಳಿದರು. ಮೀನಿನ ಮೈಮೇಲೆ ಒಂದು ಲೋಳೆ ಇರುತ್ತದೆ. ಅದೇ ಅದರ ಅಂಗಿ, ಅದೇ ಅದರ ಔಷಧಿ. ಒದ್ದೆ ಕೈಗೆ ಅದು ಅಂಟುವುದಿಲ್ಲ. ಒಣಗೈಯಿಂದ ಹಿಡಿದರೆ ಹಿಡಿದಷ್ಟು ಜಾಗದ ಲೋಳೆ ಕೈಗೆ ಬಂದುಬಿಡುತ್ತದೆ, ಆ ಜಾಗದಲ್ಲಿ ನೀರಿನ ಕೊಳೆ ಬೇರೂರುತ್ತದೆ. ಬಿಟ್ಟ ತಕ್ಷಣ ಮೀನು ಚೆನ್ನಾಗಿಯೇ ಓಡುತ್ತದೆ. ಕೆಲವು ದಿನ ಬಿಟ್ಟು ಸಾಯುತ್ತದೆ. ಪ್ರತಿ ವರ್ಷ ಗಾಳದವರು ಬಂದು ಹೋದ ಮೇಲೆ ಇಂಥವು ಆಶ್ರಮದಿಂದ ನದಿಗಿಳಿಯುವ ಮೆಟ್ಟಿಲಿಗೆ ಬಂದು ತಾಗುತ್ತವೆ. ಮೊದಮೊದಲು ಅವರಿಗೂ ಅರ್ಥವಾಗಿರಲಿಲ್ಲ.

ಆ ದಿನ ಇನ್ನೂ ಮೂರು ಸಿಕ್ಕವು. ಉತ್ತಯ್ಯ ಅವನ್ನು ದಂಡೆಯ ಮರಳಿನಲ್ಲಿ ಹೂಳಿದ. ಊಟ ಮಾಡಲಿಲ್ಲ.

ಮಧ್ಯಾಹ್ನ ಅವನು ಅಜ್ಜಾರ ಎದುರಿಗೆ ಬಂದು ನಿಂತ. ಮುಖ ಕೆಂಪಗಿತ್ತು. ಗುರುವಿನ ಮುಂದೆ ಅವನು ದನಿ ಏರಿಸಿದ್ದು ಅದೊಂದೇ ಸಲ.

“ನಿಮಗೆ ಗೊತ್ತಿತ್ತು. ಮೊದಲ ಮೀನು ಹಿಡಿದಾಗಲೇ ಹೇಳಬಹುದಿತ್ತು. ಎರಡು ದಿನ ಸುಮ್ಮನೆ ಕೂತು ನೋಡಿದಿರಿ. ಇವುಗಳ ಸಾವಿನಲ್ಲಿ ನಿಮ್ಮ ಪಾಲಿಲ್ಲವೇ?”

“ಅದ” ಎಂದರು ಅಜ್ಜಾರು. “ಇಲ್ಲಂತ ಹೆಂಗ ಹೇಳ್ಲಿ? ಬಾಯಿಲೆ ಹೇಳಿದ್ದರ ನೀ ಕೈ ಒದ್ದಿ ಮಾಡಿಕೊಂಡು ಮತ್ತ ಗಾಳಾ ಹಾಕತಿದ್ದಿ. ಅಷ್ಟ ಆಗತಿತ್ತು.”

ಉತ್ತಯ್ಯ ಅಲ್ಲೇ ಮರಳಿನ ಮೇಲೆ ಕೂತ.

ಅವನು ಮೊದಲು ನೆನೆದದ್ದು ಹೊಳೆಗಳನ್ನು. ಒಂದೊಂದಕ್ಕೂ ಹೆಸರಿತ್ತು. ಒಂದೊಂದರ ದಂಡೆಯಲ್ಲೂ ಅವನು ಡೇರೆ ಹಾಕಿ, ಒಲೆ ಹೂಡಿ, ಸುಖವಾಗಿ ಮಲಗಿ, ಬೆಳಿಗ್ಗೆ ಎದ್ದು ಮೀನು ಹಿಡಿದು ಬಿಟ್ಟಿದ್ದ. ಹಿಂದಿರುಗಿ ಬಂದು ಮೆಸ್ಸಿನಲ್ಲಿ ಎಲ್ಲರ ಮುಂದೆ, ನಾನು ಕೊಲ್ಲುವುದಿಲ್ಲ ಎಂದಿದ್ದ. ಕೊಂದು ತಿನ್ನುವವರನ್ನು ಒಳಗೊಳಗೇ ಕೀಳಾಗಿ ಕಂಡಿದ್ದ. ಅವರು ತಮಗೆ ಬೇಕಾದಷ್ಟು ಕೊಂದು ಸುಮ್ಮನಾಗುತ್ತಿದ್ದರು. ಇವನಿಗೆ ಸುಮ್ಮನಾಗಲು ಕಾರಣವೇ ಇರಲಿಲ್ಲ.

ಅಷ್ಟು ಮೀನುಗಳನ್ನು ಎಲ್ಲಿ ಹೋಗಿ ಹುಡುಕುವುದು? ಹೊಳೆಗಳು ಹರಿದುಹೋಗಿದ್ದವು.

ಅಜ್ಜಾರು ಮಾತು ತೆಗೆದರು. ಬೇರೆ ಮಾತು.

“ದೇಚಮ್ಮ ಒಪ್ಯಾಳ ಅಂದಿದ್ದಿ. ಏನಂದಳು?”

ಉತ್ತಯ್ಯ ತಲೆ ಎತ್ತಿ ನೋಡಿದ. ಈ ಪ್ರಶ್ನೆ ಈಗ ಯಾಕೆ ಎಂದು ಕೇಳಲು ಬಾಯಿ ತೆರೆದ. ಕೇಳಲಿಲ್ಲ.

ಅವಳು ಏನೂ ಅಂದಿರಲಿಲ್ಲ.

ಅದನ್ನು ಅವನು ಒಂದೊಂದಾಗಿ ಹೇಳಿದ. ನಿವೃತ್ತನಾಗಿ ಮನೆಗೆ ಬಂದಾಗ ದೇಚಮ್ಮ ಹೊಸದಾಗಿ ಎರಡು ಕುರ್ಚಿ ಮಾಡಿಸಿ ಜಗಲಿಯಲ್ಲಿ ಹಾಕಿಸಿದ್ದಳು. ಮದುವೆಯಾದಾಗಿನಿಂದ ಅವನು ವರ್ಷಕ್ಕೆ ಎರಡು ತಿಂಗಳು ರಜೆಗೆ ಬಂದು ಹೋಗುವ ನೆಂಟನಂತಿದ್ದ. ಇನ್ನು ಹೋಗುವುದಿಲ್ಲ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಒಂದು ಸಂಜೆ ಆ ಕುರ್ಚಿಯಲ್ಲೇ ಕೂತು ಅವನು, ತನಗೆ ಸಂಸಾರದಲ್ಲಿ ಮನಸ್ಸಿಲ್ಲ, ಆಶ್ರಮಕ್ಕೆ ಹೋಗುತ್ತೇನೆ, ನಿನ್ನ ಒಪ್ಪಿಗೆ ಬೇಕು ಎಂದ.

ಅವಳು ಎದ್ದು ಒಳಗೆ ಹೋಗಿ ಟ್ರಂಕು ತೆಗೆದಳು. ಪ್ರತಿ ಸಲ ರಜೆ ಮುಗಿದಾಗ ತುಂಬುತ್ತಿದ್ದಂತೆ ಬಟ್ಟೆ ಮಡಚಿ ತುಂಬಿದಳು.

“ಅಳಲಿಲ್ಲ. ಬೇಡ ಅನ್ನಲಿಲ್ಲ. ನಾನು ಒಪ್ಪಿದಳು ಅಂದುಕೊಂಡೆ.”

“ಹೊಂಟಾಗ ಬಾಗಲದಾಗ ನಿಂತಿದ್ದಳೇನು?”

“ನಾನು ತಿರುಗಿ ನೋಡಲಿಲ್ಲ ಅಜ್ಜಾರೇ. ಹೊರಟ ಮೇಲೆ ತಿರುಗಿ ನೋಡುವ ಅಭ್ಯಾಸ ನನಗಿಲ್ಲ. ನೋಡಿದರೆ ಅವಳಿಗೆ ಕಷ್ಟ ಅಂತ.”

ಹಾಗೆಂದವನು, “ನನಗೆ ಕಷ್ಟ ಅಂತ” ಎಂದು ತಿದ್ದಿಕೊಂಡ.

ಆಶ್ರಮಕ್ಕೆ ಬಂದ ಮೊದಲ ವರ್ಷ ಅವನು ಪೇಟೆಯ ಅಂಗಡಿಯಿಂದ ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿದ್ದ. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಅವನ ಎದೆ ಹಗುರಾಗುತ್ತಿತ್ತು. ಇನ್ನೇನಾದರೂ ಹೇಳಿಯಾಳು ಎಂದು ಬೇಗ ಇಟ್ಟುಬಿಡುತ್ತಿದ್ದ. ಆಮೇಲೆ ಅದನ್ನೂ ನಿಲ್ಲಿಸಿದ. ಚೆನ್ನಾಗಿದ್ದಾಳಲ್ಲ, ಇನ್ನು ಯಾಕೆ ಎಂದು.

ಉತ್ತಯ್ಯ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ಆಮೇಲೆ ಆ ಕೈಗಳಲ್ಲೇ ಮುಖ ಮುಚ್ಚಿಕೊಂಡು ಅತ್ತ. ಐವತ್ತಾರು ವರ್ಷದ ಗಂಡಸು, ಯುದ್ಧ ನೋಡಿದವನು, ಹೊಳೆಯ ದಂಡೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಅವನ ಬೆನ್ನು ಸವರಲಿಲ್ಲ. ಸಮಾಧಾನ ಹೇಳಲಿಲ್ಲ. ಅವರ ಕಣ್ಣುಗಳೂ ಒದ್ದೆಯಾಗಿದ್ದವು, ಅದನ್ನು ಮರೆಮಾಡಲೂ ಇಲ್ಲ.

“ನಾ ಮನಿ ಬಿಟ್ಟಾಗ ನಮ್ಮವ್ವ ಒಬ್ಬಾಕೀನ ಇದ್ದಳು” ಎಂದರು.

ಇದನ್ನು ಅವರು ಆಶ್ರಮದಲ್ಲಿ ಯಾರಿಗೂ ಹೇಳಿರಲಿಲ್ಲ. ಅವ್ವ ಅವರಿಗೆ ದಾರಿಯ ಬುತ್ತಿ ಕಟ್ಟಿಕೊಟ್ಟು, ಹೋಗಪಾ, ನಾ ಆರಾಮ ಇರತೀನಿ ಅಂದಿದ್ದಳು. ದೀಕ್ಷೆ ಕೊಡುವಾಗ ಅವರ ಗುರುಗಳು ತಾಯಿ ಒಪ್ಪಿದ್ದಾಳೋ ಎಂದು ಕೇಳಿದರು. ಒಪ್ಪಿದ್ದಾಳೆ ಎಂದು ಇವರು ಹೇಳಿದರು. ಅಷ್ಟಕ್ಕೇ ಮುಗಿಯಿತು. ಸನ್ಯಾಸಿಯಾದವನು ಹನ್ನೆರಡು ವರ್ಷ ಕಳೆದ ಮೇಲೆ ಒಮ್ಮೆ ಹುಟ್ಟಿದ ಊರಿಗೆ ಹೋಗಬಹುದೆಂಬ ರೂಢಿಯಿದೆ. ಇವರೂ ಹೋದರು. ಮನೆ ಬಿದ್ದಿತ್ತು. ಊರಿಗೆ ಬಂದ ಪ್ರತಿಯೊಬ್ಬ ಬೈರಾಗಿಯನ್ನೂ ಅವ್ವ ಕರೆದು ಕೂರಿಸಿ, ಉಣ್ಣಲು ಇಟ್ಟು, ನನ್ನ ಮಗನ್ನ ಎಲ್ಲೆರೆ ನೋಡೀರೇನು ಎಂದು ಕೇಳುತ್ತಿದ್ದಳಂತೆ. ಕೇಳಿ ಕೇಳಿಯೇ ಹೋದಳಂತೆ. ನೆರೆಮನೆಯವರು ಹೇಳಿದರು.

“ಆರಾಮ ಇರತೀನಿ ಅಂದಳು, ನಾ ನಂಬಿದೆ. ನಂಬೂದು ನನಗ ಅನುಕೂಲ ಇತ್ತು.”

ಹೊಳೆ ಹರಿಯುತ್ತಲೇ ಇತ್ತು.

ಇಷ್ಟು ಜನಕ್ಕೆ ಕಾವಿ ಕೊಟ್ಟೆ ಎಂದರು ಅಜ್ಜಾರು. ಮನೆಯವರು ಒಪ್ಪಿದ್ದಾರೋ ಎಂದು ಎಲ್ಲರನ್ನೂ ಕೇಳಿದೆ. ಹೌದು ಎಂದ ಮೇಲೆ ಮುಂದಕ್ಕೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ. ಕೇಳಲು ನನಗೇ ಧೈರ್ಯವಿರಲಿಲ್ಲ.

ಮರುದಿನ ಬೆಳಿಗ್ಗೆ ಉತ್ತಯ್ಯ ಡೇರೆ ಕಿತ್ತ. ಒಲೆಯ ಕಲ್ಲುಗಳನ್ನು ಹರಡಿದ, ಬೂದಿ ಹೂಳಿದ. ಎಲ್ಲವನ್ನೂ ಮಾಡಿದ, ಆದರೆ ಮೊದಲ ದಿನದ ಚುರುಕು ಇರಲಿಲ್ಲ. ಆ ಮಡುವನ್ನು ಬಿಟ್ಟು ಹೋಗುವುದೂ ಅವನಿಗೆ ಕಷ್ಟವಾಯಿತು. ಇಳಿದು ಬರುವಾಗ ಮತ್ತೆ ಮತ್ತೆ ನಿಂತು ತೆಳುನೀರನ್ನು ನೋಡುತ್ತಿದ್ದ. ಅಜ್ಜಾರು ಅವಸರ ಮಾಡಲಿಲ್ಲ.

ಅರ್ಧ ದಾರಿಯಲ್ಲಿ ಅವನು ಕೇಳಿದ. ಹುಣ್ಣಿಮೆಯ ದೀಕ್ಷೆ ನನಗಿಲ್ಲ, ಅಲ್ಲವೇ ಎಂದು.

“ಬೇಕೇನು ನಿನಗ?”

ಉತ್ತಯ್ಯ ನಾಲ್ಕು ವರ್ಷ ಅದೊಂದಕ್ಕೇ ಕಾದಿದ್ದ. ಈಗ ಬೇಕೆನ್ನಲು ನಾಲಿಗೆ ಏಳಲಿಲ್ಲ, ಬೇಡವೆನ್ನಲೂ ಸಂಕಟವಾಯಿತು. ಇಷ್ಟು ದಿನ ಕೂತ ಧ್ಯಾನ, ಓದಿದ ಓದು ಎಲ್ಲ ಯಾರದೋ ಮನೆಯ ಬಾಗಿಲಲ್ಲಿ ತಪ್ಪಿ ಮೆಟ್ಟಿಕೊಂಡು ಬಂದ ಚಪ್ಪಲಿಯಂತೆ ತನ್ನದಲ್ಲ ಅನ್ನಿಸಿತು.

ಆಶ್ರಮ ತಲುಪಿ ಅವನು ಟ್ರಂಕು ತುಂಬಿಕೊಂಡ. ಈ ಸಲ ತಾನೇ ತುಂಬಿಕೊಂಡ. ಬಟ್ಟೆ ಮಡಚುವುದು ಅವನಿಗೆ ಸರಿಯಾಗಿ ಬರಲಿಲ್ಲ, ಮುಚ್ಚಳ ಕೂರಲಿಲ್ಲ, ಎರಡು ಸಲ ತೆಗೆದು ಮತ್ತೆ ಇಡಬೇಕಾಯಿತು.

ಬಸ್ಸಿನ ಹೊತ್ತಿಗೆ ಅಜ್ಜಾರು ರಸ್ತೆಯವರೆಗೂ ಜೊತೆಗೆ ಬಂದರು. ಹಾಗೆ ಅವರು ಯಾರನ್ನೂ ಕಳಿಸಲು ಬರುತ್ತಿರಲಿಲ್ಲ.

ಉತ್ತಯ್ಯ ಕಾಲಿಗೆ ನಮಸ್ಕರಿಸಿದ. ಅವನಿಗೆ ಭಯವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. ಅವಳು ಬಾಗಿಲು ತೆಗೆಯದಿದ್ದರೆ ಎಂದು ಕೇಳಿದ.

ಅದು ಅವಳ ಮನೆ, ತೆಗೆಯುವುದು ಬಿಡುವುದು ಅವಳ ಇಷ್ಟ ಎಂದರು ಅಜ್ಜಾರು.

ತೆಗೆದರೆ, ಎಂದ ಉತ್ತಯ್ಯ. ತೆಗೆದರೆ ಏನು ಹೇಳಲಿ? ದಾರಿಯುದ್ದಕ್ಕೂ ಯೋಚಿಸಿದ್ದೇನೆ. ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ಅಷ್ಟಾದರೂ ಮಾಡಬೇಕಲ್ಲವೇ?

ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಅಜ್ಜಾರು ಅವನ ಭುಜದ ಮೇಲೆ ಕೈಯಿಟ್ಟರು.

“ಕ್ಷಮಾ ಕೇಳಬ್ಯಾಡ. ಅದೂ ನಿನ್ನ ಸಲುವಾಗಿನ ಮಾತು. ಹೆಂಗಿದ್ದೀ ಅಂತ ಕೇಳು. ಆಕಿ ಹೇಳಿ ಮುಗಸೂತನಕಾ ಎದ್ದು ಬರಬ್ಯಾಡ.”